ರೀಮ್ಯಾಪ್ ಮಾಡಿಸಿದರೆ ಮೈಲೇಜ್ ಜಾಸ್ತಿ ಆಗುತ್ತಾ?

ಪ್ರಶ್ನೆ: ನನ್ನದು ಹಳೆಯ 1.3 ಲೀಟರ್ ಡೀಸೆಲ್ ಸ್ವಿಫ್ಟ್. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿದರೆ ಲೀಟರಿಗೆ ಮೂರ್ನಾಲ್ಕು ಕಿ.ಮೀ. ಜಾಸ್ತಿ ಸಿಗುತ್ತದೆ ಅಂತಾರೆ. ಮಾಡಿಸಲಾ?
– ಓದುಗರು, ಸಕಲೇಶಪುರ

ಉತ್ತರ: ಬರೀ ಮೈಲೇಜಿಗೋಸ್ಕರ ಆದರೆ ಬೇಡ ಸಾರ್. ಎಷ್ಟು ಡೀಸೆಲ್ ಬಿಡಬೇಕು, ಯಾವಾಗ ಬಿಡಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು ಅನ್ನುವ ಲೆಕ್ಕ ಇಸಿಯು ಒಳಗಿರುತ್ತದೆ. ರೀಮ್ಯಾಪ್ ಅಂದರೆ ಆ ಲೆಕ್ಕ ತಿದ್ದುವುದು. ನಿಮ್ಮ ಗಾಡಿ 2000 ಆರ್‌ಪಿಎಂ ತನಕ ಮಂಕು, ಅಲ್ವಾ? ರೀಮ್ಯಾಪ್ ಚೆನ್ನಾಗಿ ಮಾಡಿದರೆ ಅಲ್ಲೇ ಎಳೆತ ಬರುತ್ತದೆ, ಶಿರಾಡಿ ಘಾಟಿಯಲ್ಲಿ ಪದೇ ಪದೇ ಗೇರ್ ಇಳಿಸುವುದು ತಪ್ಪುತ್ತದೆ. ಡೀಸೆಲ್ ಉಳಿದರೆ ಅದರಿಂದಲೇ. ಆದರೆ ಪವರ್ ಸಿಕ್ಕ ಮೇಲೆ ಬಲಗಾಲು ಸುಮ್ನೆ ಇರಬೇಕಲ್ಲ!

ಮೀಟರ್‌ನಲ್ಲಿ ಕಾಣುವ ಮೈಲೇಜ್ ನಂಬಬೇಡಿ. ಅದೂ ಇಸಿಯು ಕೊಡುವ ಲೆಕ್ಕವೇ. ತಿದ್ದಿದ ಮೇಲೆ ಸುಳ್ಳು ತೋರಿಸಬಹುದು. ಮಾಡಿಸುವ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಹಾಕಿಸಿ ಅಳೆಯಿರಿ. ಕ್ಲಚ್ ಸವೆದಿದ್ದರೆ ರೀಮ್ಯಾಪ್ ಆದ ಮೇಲಿನ ಹೆಚ್ಚಿನ ಎಳೆತಕ್ಕೆ ಜಾರಲು ಶುರುವಾಗುತ್ತದೆ. ಹೊಗೆ ಜಾಸ್ತಿಯಾದರೆ ಎಮಿಷನ್ ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತೀರಿ.

ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ, ಟೈರಿನ ಗಾಳಿ ಸರಿ ಮಾಡಿಸಿ.