ಸೊಂಟದ ಚೀಲ, ದಕ್ಕೆಯ ಏಲಂ

(ಕಡಲ ಆಡಳಿತದಲ್ಲಿ ಹೆಂಗಸರ ಪಾಲಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಲೇಖನ ಹಾಕಿದ್ದೆವು. ಅದನ್ನು ಓದಿ ಕುಂದಾಪುರ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರದ ಸಾರ ಇಷ್ಟು: “ನನ್ನ ಅಮ್ಮ ನಲವತ್ತು ವರ್ಷ ಮೀನು ಮಾರಿದವರು. ಮನೆಯ ದುಡ್ಡೆಲ್ಲ ಅವರ ಸೊಂಟದ ಚೀಲದಲ್ಲೇ. ಅಪ್ಪ ಬೀಡಿಗೂ ಅವರ ಹತ್ತಿರ ಕೇಳಬೇಕಿತ್ತು. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ನಮ್ಮ ಊರಿಗೆ ಸಮಾನತೆಯ ಪಾಠ ಯಾಕೆ? ಹೆಂಗಸರನ್ನೂ ಬೋಟಿಗೆ ಹತ್ತಿಸಬೇಕಾ? ಅಂದಹಾಗೆ, ಲೇಖನದ ಜೊತೆಗಿನ ಫೋಟೋ ಇನ್ನೊಮ್ಮೆ ನೋಡಿ.”)

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆವು. ಬೀಡಿಯ ಮಾತಿಗೆ ಎಲ್ಲರೂ ನಕ್ಕೆವು. ನಿಮ್ಮ ಮಾತು ಸುಳ್ಳಲ್ಲ. ರೇಟು ಹೇಳುವುದು, ಚೌಕಾಸಿ ಮಾಡುವುದು, ಸಾಲ ಕೊಟ್ಟು ವಸೂಲಿ ಮಾಡುವುದು, ಎಲ್ಲವನ್ನೂ ನಮ್ಮ ಕರಾವಳಿಯ ಮೀನಿನ ಹೆಂಗಸರು ಒಬ್ಬರೇ ನಿಭಾಯಿಸುತ್ತಾರೆ. ಅವರ ಎದುರು ಚೌಕಾಸಿಗೆ ನಿಂತು ನಾನೂ ಸೋತಿದ್ದೇನೆ.

ಆದರೆ ಆ ಚೀಲಕ್ಕೆ ಎಷ್ಟು ದುಡ್ಡು ಬೀಳಬೇಕು ಎಂದು ಎಲ್ಲಿ ತೀರ್ಮಾನವಾಗುತ್ತಿತ್ತು? ಅದನ್ನು ನೋಡಬೇಕಾದರೆ ನಿಮ್ಮ ಅಜ್ಜಿಯ ಕಾಲಕ್ಕೆ ಹೋಗಬೇಕು.

ಆಗ ರಾಂಪಣಿ ಇತ್ತು. ಊರಿನವರೆಲ್ಲ ಸೇರಿ ಆ ದೊಡ್ಡ ಬಲೆಯನ್ನು ದಡಕ್ಕೆ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ಬಂದು ಬೀಳುತ್ತಿದ್ದದ್ದು ಮನೆಯ ಮುಂದಿನ ಮರಳಿನ ಮೇಲೆ. ಹೆಂಗಸರು ಅಲ್ಲೇ ಹೆಡಿಗೆ ತುಂಬಿಸಿಕೊಂಡು ತಲೆ ಮೇಲೆ ಹೊತ್ತು ಊರೊಳಗೆ ನಡೆಯುತ್ತಿದ್ದರು. 1960ರ ದಶಕದಲ್ಲಿ ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟುಗಳು ಬಂದವು. 1970ರ ದಶಕದ ನಡುವೆ ಕಡಲಲ್ಲೇ ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂತು. ಕೆಲವೇ ವರ್ಷಗಳಲ್ಲಿ ರಾಂಪಣಿ ಮೂಲೆ ಸೇರಿತು. ಗಂಡಸರ ಹೊಟ್ಟೆಗೂ ಆಗ ಪೆಟ್ಟು ಬಿತ್ತು, ಜಗಳಗಳೂ ಆದವು. ಅದರ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಹೆಡಿಗೆಯವರಿಗೆ ಏನಾಯಿತು ಎನ್ನುವುದು ಅಷ್ಟಾಗಿ ಕಥೆಯಾಗಲಿಲ್ಲ.

ಆದದ್ದು ಇಷ್ಟು. ಮೀನು ಮನೆಮುಂದಿನ ದಡ ಬಿಟ್ಟು ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗೆ, ಅಂದರೆ ಬೋಟು ಬಂದು ಮೀನು ಇಳಿಸುವ ಕಟ್ಟೆಗೆ ಹೋಯಿತು. ಅಲ್ಲಿ ಏಲಂ. ಎದುರಿಗೆ ಐಸ್ ತುಂಬಿದ ಲಾರಿ ನಿಲ್ಲಿಸಿಕೊಂಡ ದೊಡ್ಡ ವ್ಯಾಪಾರಿ. ಬೂತಾಯಿಯಲ್ಲಿ ಒಂದು ಪಾಲು ಸೀದಾ ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ. ಒಂದು ಬುಟ್ಟಿ ಮೀನು ಬೇಕಾದವಳು ಇವರ ನಡುವೆ ಕೂಗಬೇಕು. ಅದಕ್ಕೆ ಮೊದಲು ಬೆಳಕು ಹರಿಯುವುದರೊಳಗೆ ಅಲ್ಲಿಗೆ ಮುಟ್ಟಬೇಕು. ಅವಳನ್ನು ಹೊರಗಿಡಬೇಕು ಎಂದು ಯಾರೂ ಸಂಚು ಮಾಡಲಿಲ್ಲ. ಸುಮ್ನೆ, ಅವಳನ್ನು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಬೋಟು ಕಟ್ಟಲು ಜಾಗ, ಡೀಸೆಲ್ ಬಂಕು, ಐಸ್ ಪ್ಲಾಂಟು ಎಲ್ಲ ಆದವು. ಎಷ್ಟು ದಕ್ಕೆಗಳಲ್ಲಿ ಹೆಂಗಸರಿಗೆ ಸರಿಯಾದ ಶೌಚಾಲಯ ಇದೆ? ನಿಮ್ಮ ಅಮ್ಮನನ್ನೇ ಕೇಳಿ ನೋಡಿ.

ಅಳಿಯಕಟ್ಟಿನ ಮಾತು ಎತ್ತಿದ್ದೀರಿ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬಂತು, ನಿಜ. ಆದರೆ ಊರಿನ ಕೂಟದಲ್ಲಿ ಕೂತು ಕಡಲಿನ ವ್ಯಾಜ್ಯ ತೀರಿಸುತ್ತಿದ್ದ ಗುರಿಕಾರರು ಗಂಡಸರೇ ಅಲ್ವಾ?

ಇನ್ನು ಬೋಟಿನ ವಿಷಯ. ಹೋಗಬೇಕು ಅನ್ನಿಸಿದವರು ಹೋಗಲಿ. ಕೇರಳದ ಚೇಟ್ಟುವದ ರೇಖಾ ಗಂಡನ ಜೊತೆ ಕಡಲಿಗಿಳಿದರು. ಆಳಸಮುದ್ರದ ಮೀನುಗಾರಿಕೆಗೆ ಲೈಸೆನ್ಸ್ ಪಡೆದ ದೇಶದ ಮೊದಲ ಮಹಿಳೆ ಎಂದು 2017ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅವರನ್ನು ಗೌರವಿಸಿತು. ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ ದುಡಿಯುವವರ ಪೈಕಿ ಹೆಂಗಸರು 2021ರ ಲೆಕ್ಕದಲ್ಲಿ ಶೇ. 1.28 ಮಾತ್ರ. ಆ ಬಾಗಿಲೂ ತೆರೆಯಬೇಕು. ಆದರೆ ಸಮಾನತೆ ಅಂದರೆ ಹೆಂಗಸರನ್ನು ಬೋಟು ಹತ್ತಿಸುವುದು ಎಂದುಕೊಂಡರೆ, ದಡದ ಕೆಲಸ ಕಡಲಿನ ಕೆಲಸವೇ ಅಲ್ಲ ಎಂದು ನಾವೇ ಒಪ್ಪಿದ ಹಾಗಾಗುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ನಮ್ಮ ಮೀನುಗಾರರ ಗಣತಿಯನ್ನೇ ನೋಡಿ. ಬಲೆ ಬೀಸುವವರು ‘ಮೀನುಗಾರರು’. ಮಾರುವುದು, ಒಣಗಿಸುವುದು, ಸಿಗಡಿ ಸುಲಿಯುವುದು ‘ಪೂರಕ ಕೆಲಸ’. ಅಡುಗೆ ಮಾಡುವುದು ಊಟಕ್ಕೆ ಪೂರಕ ಎಂದ ಹಾಗೆ! ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ವರದಿ ಪ್ರಕಾರ ಮೀನು ಹಿಡಿಯುವ, ಸಾಕುವ ಕೆಲಸದಲ್ಲಿ ಹೆಂಗಸರು ಶೇ. 24. ಸಂಸ್ಕರಣೆಯ ಕೆಲಸದಲ್ಲಿ ಶೇ. 62. ಅಂದರೆ ಯಾವುದನ್ನು ಮೀನುಗಾರಿಕೆ ಎಂದು ಕರೆಯುತ್ತೇವೆ ಎನ್ನುವುದರ ಮೇಲೆ ಹೆಂಗಸರು ಕಾಣಿಸುತ್ತಾರೆ, ಇಲ್ಲವೇ ಮಾಯವಾಗುತ್ತಾರೆ.

ಈ ಮಾಯವಾಗುವ ಆಟ, ಕಡಲಿನಿಂದ ಆದಾಯ ಬೆಳೆಸುವ ‘ನೀಲಿ ಆರ್ಥಿಕತೆ’ಯ ಹೆಸರಲ್ಲಿ ಇನ್ನೂ ಜಾಸ್ತಿಯಾದೀತು. ಬಂದರು, ರೆಸಾರ್ಟು, ಬೀಚ್ ಟೂರಿಸಂ ಎಲ್ಲಕ್ಕೂ ಬೇಕಾದ್ದು ದಡ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡ ಎಂದು ನಿಂತವರಲ್ಲಿ ಒಣಮೀನಿನ ಹೆಂಗಸರು ಮುಂದೆ ಇದ್ದರು. ಮೀನು ಒಣಗಿಸುವ ಜಾಗ ನಕ್ಷೆಯಲ್ಲಿ ಇಲ್ಲದಿದ್ದರೆ ಅಧಿಕಾರಿಯ ಕಣ್ಣಿಗೆ ಅದು ಖಾಲಿ ಮರಳು. ಅಂಥ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಬೇಕು ಎಂದು 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೇ ಹೇಳಿತ್ತು. ಅಘನಾಶಿನಿ ಅಳಿವೆಯಲ್ಲೂ ಅಷ್ಟೆ. ನೀರಿಳಿದ ಹೊತ್ತಿಗೆ ಕೆಸರಿಗಿಳಿದು ಬಳಚು ಹೆಕ್ಕುವವರಲ್ಲಿ ಹೆಂಗಸರಿದ್ದಾರೆ. ಮಂಗಳೂರು ಕಡೆ ಮರುವಾಯಿ ಎನ್ನುವ ಜಾತಿಯ ಚಿಪ್ಪು ಅದು. 2024ರಲ್ಲಿ ಆ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇನ್ನು ಅಲ್ಲಿಗೆ ಏನೇನು ನಿಯಮ ಬರುತ್ತದೋ, ಅದನ್ನು ಬರೆಯುವ ಮೇಜಿನ ಹತ್ತಿರ ಇವರಿಗೂ ಒಂದು ಕುರ್ಚಿ ಬೇಕು.

ಓದು ಬರಹ ಇಲ್ಲದವರು ಕಡಲು ಹೇಗೆ ಕಾಯುತ್ತಾರೆ ಎಂದು ಯಾರಾದರೂ ಕೇಳಿದರೆ ತಮಿಳುನಾಡಿನ ಪಾಂಬನ್ ಕಡೆ ಕೈ ತೋರಿಸಿ. ಮನ್ನಾರ್ ಕೊಲ್ಲಿಯ ದ್ವೀಪಗಳು 1986ರಲ್ಲಿ ರಾಷ್ಟ್ರೀಯ ಉದ್ಯಾನವಾದವು. ತಲೆತಲಾಂತರದಿಂದ ಅಲ್ಲಿ ಮುಳುಗಿ ಕಡಲ ಪಾಚಿ ಕೀಳುತ್ತಿದ್ದ ಹೆಂಗಸರು ಕಾಲಕ್ರಮೇಣ ಅತಿಕ್ರಮಣದವರಾದರು. ಅವರು ಬರೀ ಜಗಳ ಆಡಿ ಕೂರಲಿಲ್ಲ. ತಿಂಗಳಿಗೆ 12 ದಿನ ಮಾತ್ರ ಕೀಳುವುದು, ಹವಳಕ್ಕೆ ತಾಗುವ ಕಬ್ಬಿಣದ ಸಲಕರಣೆ ಬಿಡುವುದು ಎಂದು ತಾವೇ ಕಟ್ಟು ಹಾಕಿಕೊಂಡರು. ಅವರಲ್ಲಿ ಒಬ್ಬರಾದ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ ಬಂತು.

ಪ್ರಶಸ್ತಿ ಇರಲಿ, ನನಗೆ ಅದಕ್ಕಿಂತ ಬಸ್ಸು ಇಷ್ಟ. ಮೀನಿನ ಬುಟ್ಟಿ ಕಂಡರೆ ಬಸ್ಸು ನಿಲ್ಲಿಸದ ಕಂಡಕ್ಟರುಗಳನ್ನು ನಿಮ್ಮ ಅಮ್ಮನೂ ನೋಡಿರುತ್ತಾರೆ. 2021ರಲ್ಲಿ ತಿರುವನಂತಪುರದಲ್ಲಿ ಮೀನು ಮಾರುವ ಹೆಂಗಸರಿಗೆಂದೇ ‘ಸಮುದ್ರ’ ಎಂಬ ಉಚಿತ ಬಸ್ಸು ಶುರುವಾಯಿತು. ನಮ್ಮಲ್ಲಿ 2023ರ ಬಜೆಟ್ಟಿನಲ್ಲಿ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ದಕ್ಕೆಯ ಏಲಂ ಹಾಗೆಯೇ ಇದ್ದರೆ ಆ ದುಡ್ಡಿನಿಂದ ಕೂಗು ಸ್ವಲ್ಪ ಗಟ್ಟಿಯಾಗಬಹುದು, ಅಷ್ಟೆ. ಬುಟ್ಟಿಯವರಿಗೆ ಬೇರೆ ಏಲಂ, ಬಂದರಿನ ಸಮಿತಿಯಲ್ಲಿ ಮಾರುವವರಿಗೂ ಜಾಗ, ಇವೆರಡನ್ನು ನಾನು ಮೊದಲು ಕೇಳುತ್ತೇನೆ. ನಿಮ್ಮ ಅಮ್ಮ ಏನು ಕೇಳುತ್ತಾರೆ? ಅವರು ಹೇಳಿದ್ದನ್ನು ಬರೆದು ಕಳಿಸಿ, ಹಾಕುತ್ತೇವೆ.

ಫೋಟೋ ಮತ್ತೆ ನೋಡಿದೆ. ಒಂದು ಬೋಟು, ಬಲೆ ಎಳೆಯುವ ಏಳು ಗಂಡಸರು. ಹೆಂಗಸರ ಬಗ್ಗೆ ನಾಲ್ಕು ಪುಟ ಬರೆದು ಪಕ್ಕದಲ್ಲಿ ಹಾಕಿದ್ದು ಇದನ್ನು. ಆರಿಸಿದ್ದು ನಾನೇ.

— ಸಂ.