ಫ್ಲೋರೈಡ್ ಗದಗಿನಲ್ಲಿ ತೆಗೀತಾರೆ, ಇಲ್ಲಿ ಹಾಕ್ತಾರೆ: ನಿಮ್ಮ ಆರ್‌ಒ ಪ್ರಶ್ನೆಗೆ ಉತ್ತರ

ತಂಗೀ, ಮೊದಲು ನೇರ ಉತ್ತರ. ನೀರಿನಿಂದ ಫ್ಲೋರೈಡ್ ತೆಗೆಯುವ ಆರ್‌ಒ ಮಷಿನ್ ಊರಿಂದ ಹೊತ್ತು ತರಬೇಡಿ, ಇಲ್ಲಿ ಅಮೆರಿಕಕ್ಕೆ ಬಂದು ಕೊಳ್ಳಲೂ ಬೇಡಿ.

ನೀವು ಕೇಳಿದ್ದು ಇಷ್ಟು. ಯಜಮಾನರಿಗೆ ಮಿಷಿಗನ್ನಿನ ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ ಕೆಲಸ ಸಿಕ್ಕಿದೆ, ಮಗಳಿಗೆ ಎರಡೂವರೆ ವರ್ಷ, ಅಲ್ಲಿ ನಲ್ಲಿ ನೀರಿಗೆ ಬೇಕಂತಲೇ ಫ್ಲೋರೈಡ್ ಬೆರೆಸ್ತಾರಂತೆ, ನಮ್ಮ ಕಡೆ ಅದೇ ಫ್ಲೋರೈಡಿನಿಂದ ಹಲ್ಲು ಹಾಳಾಗಿವೆ, ಹಾಗಿರುವಾಗ ಆ ನೀರು ಮಗುವಿಗೆ ಕುಡಿಸುವುದು ಹೇಗೆ ಅಂತ. ಹೆದರಿಕೆ ಸಹಜ. ನಾನೂ ಮುಂಡರಗಿ ತಾಲ್ಲೂಕಿನವನೇ. ನಮ್ಮ ಓಣಿಯಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ ಹುಡುಗಿಯರನ್ನು ನೋಡಿಯೇ ಬೆಳೆದವನು. ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ, ಅಂಚು ಸವೆದು ಚೂರು ಎದ್ದಿರುತ್ತಿತ್ತು. ವಯಸ್ಸಾದ ಕೆಲವರಿಗೆ ಮೊಣಕಾಲು ಬಗ್ಗುತ್ತಿರಲಿಲ್ಲ. ಎಲ್ಲರೂ ಸವಳು ನೀರನ್ನು ಬೈಯುತ್ತಿದ್ದರು. ಆದರೆ ಸವಳು ಬೇರೆ, ಫ್ಲೋರೈಡ್ ಬೇರೆ. ಫ್ಲೋರೈಡಿಗೆ ರುಚಿ ಇಲ್ಲ, ಬಣ್ಣ ಇಲ್ಲ, ಕುದಿಸಿದರೆ ಹೋಗುವುದೂ ಇಲ್ಲ. ನೀರು ಆವಿಯಾದಷ್ಟು ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಇಡೀ ವಿಷಯ ನಿಂತಿರುವುದು ಪ್ರಮಾಣದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಗೆರೆ ಲೀಟರಿಗೆ 1.5 ಮಿಲಿಗ್ರಾಂ. ಭಾರತದ ಮಾನದಂಡ 1 ಮಿಲಿಗ್ರಾಂ ಇರಲಿ ಅನ್ನುತ್ತದೆ, ಬೇರೆ ನೀರು ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ. ನಮ್ಮ ಕಡೆ ಕೆಲವು ಊರ ಬೋರಿನಲ್ಲಿ ಅದರ ಎರಡು ಪಟ್ಟು, ಮೂರು ಪಟ್ಟು ಬರುತ್ತದೆ, ಯಾಕಂದ್ರೆ ಅಲ್ಲಿ ಯಾರೂ ಬೆರೆಸಿದ್ದಲ್ಲ, ಕಲ್ಲಿನೊಳಗಿನ ಖನಿಜ ಕರಗಿ ಬರುವುದು, ಅಷ್ಟು ಆಳದ ನೀರು ವರ್ಷಗಟ್ಟಲೆ ಬಂಡೆಯ ನಡುವೆಯೇ ನಿಂತಿರುತ್ತದೆ. ಅದಕ್ಕೇ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದಿದ್ದು, ಅದಕ್ಕೇ ಊರೂರಿಗೆ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಬಂದಿದ್ದು. ಇಲ್ಲಿ ಅಮೆರಿಕದಲ್ಲಿ ಹಲ್ಲು ಹುಳುಕಾಗದಿರಲಿ ಅಂತ ಬೆರೆಸುವುದು ಲೀಟರಿಗೆ 0.7 ಮಿಲಿಗ್ರಾಂ. ಮೊದಲು ಹವೆ ನೋಡಿ 0.7ರಿಂದ 1.2ರ ತನಕ ಹಾಕುತ್ತಿದ್ದರು. ಬಿಸಿಲಿನ ಊರಲ್ಲಿ ಜನ ಜಾಸ್ತಿ ನೀರು ಕುಡೀತಾರೆ, ಹಾಗಾಗಿ ಅಲ್ಲಿ ಕಡಿಮೆ. 2015ರಿಂದ ಎಲ್ಲ ಕಡೆಗೂ ಒಂದೇ ಲೆಕ್ಕ, 0.7.

ನೀವು ಬರುತ್ತಿರುವ ಊರು ಈ ವಿಷಯಕ್ಕೇ ಹೆಸರುವಾಸಿ, ಗೊತ್ತಾ? ಜಗತ್ತಿನಲ್ಲಿ ಮೊದಲ ಸಲ ಊರಿನ ನೀರಿಗೆ ಫ್ಲೋರೈಡ್ ಬೆರೆಸಿದ್ದು ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ, 1945ರ ಜನವರಿ 25ರಂದು. ಇದರ ಹಿಂದಿನ ಕಥೆ ಮಾತ್ರ ಥೇಟ್ ನಮ್ಮೂರಿನದೇ. ಕೊಲರಾಡೋ ಸ್ಪ್ರಿಂಗ್ಸ್ ಅನ್ನುವ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನುವ ಹಲ್ಲಿನ ಡಾಕ್ಟರ್ ಬಂದರು. ನೋಡಿದರೆ ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದು. ಕಾರಣ ನೀರಿನ ಫ್ಲೋರೈಡ್ ಅಂತ ಪತ್ತೆಯಾಗಲು 1931 ಬರಬೇಕಾಯಿತು. ಆದರೆ ಮೆಕೇ ಇನ್ನೊಂದನ್ನೂ ಗಮನಿಸಿದ್ದರು, ಆ ಕಂದು ಹಲ್ಲಿಗೆ ಹುಳುಕು ಕಡಿಮೆ. ಹಾಗಾದರೆ ಕಲೆ ಬೀಳದಷ್ಟು, ಹುಳುಕು ಹಿಡಿಯದಷ್ಟು ಪ್ರಮಾಣ ಯಾವುದು ಅಂತ ಹುಡುಕಿದರು. ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ ಬೆರೆಸಿ, ಪಕ್ಕದ ಮಸ್ಕಿಗನ್ನಿನಲ್ಲಿ ಬೆರೆಸದೆ ಎರಡೂ ಊರಿನ ಮಕ್ಕಳ ಹಲ್ಲು ಹೋಲಿಸುವ ಯೋಜನೆ ಅದು. ಕೆಲವೇ ವರ್ಷದಲ್ಲಿ ಫರಕು ಕಂಡು ಮಸ್ಕಿಗನ್ನಿನವರು ನಮಗೂ ಬೇಕು ಅಂದರು, ಹೋಲಿಕೆ ಅಲ್ಲಿಗೇ ಕೆಟ್ಟಿತು! ಫ್ಲೋರೈಡ್ ಬಂದ ಮೇಲೆ ಹುಟ್ಟಿದ ಗ್ರ್ಯಾಂಡ್ ರ್ಯಾಪಿಡ್ಸ್ ಮಕ್ಕಳಲ್ಲಿ ಹುಳುಕು ಶೇ. 60ಕ್ಕೂ ಹೆಚ್ಚು ಇಳಿಯಿತು.

ಆ 60 ಅನ್ನು ಇವತ್ತಿಗೂ ಹಿಡಿದುಕೊಂಡು ವಾದ ಮಾಡುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಆಗ ಅಂಗಡಿಯಲ್ಲಿ ಫ್ಲೋರೈಡ್ ಪೇಸ್ಟೇ ಇರಲಿಲ್ಲ. ಈಗ ಎಲ್ಲರ ಮನೆಯಲ್ಲೂ ಇದೆ, ಹಾಗಾಗಿ ನೀರಿನಿಂದ ಸಿಗುವ ಹೆಚ್ಚುವರಿ ಲಾಭ ಸಣ್ಣದು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2024ರ ವರದಿಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಅದೇ ವರ್ಷ ಇಲ್ಲಿನ ಸರ್ಕಾರಿ ವಿಜ್ಞಾನಿಗಳ ವರದಿಯೊಂದು, 1.5ಕ್ಕಿಂತ ಜಾಸ್ತಿ ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಬುದ್ಧಿಮಟ್ಟ ಕಡಿಮೆಯಾಗುವುದಕ್ಕೂ ನಂಟಿದೆ ಅಂದಿತು. 0.7ರ ಬಗ್ಗೆ ಹೇಳುವಷ್ಟು ಮಾಹಿತಿ ಇಲ್ಲ ಅಂತಲೂ ಅದರಲ್ಲೇ ಇದೆ, ಆ ಸಾಲನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. 2025ರಲ್ಲಿ ಯೂಟಾ, ಆಮೇಲೆ ಫ್ಲೋರಿಡಾ ನೀರಿಗೆ ಬೆರೆಸುವುದನ್ನೇ ನಿಲ್ಲಿಸಿದವು. ಕೆನಡಾದ ಕ್ಯಾಲ್ಗರಿ 2011ರಲ್ಲಿ ನಿಲ್ಲಿಸಿ, ಮಕ್ಕಳ ಹಲ್ಲು ಕೆಟ್ಟಿದ್ದು ಕಂಡು 2025ರಲ್ಲಿ ಮತ್ತೆ ಶುರು ಮಾಡಿತು. ನನ್ನ ಕೇಳಿದರೆ, ಡೆಂಟಿಸ್ಟ್ ಹತ್ತಿರ ಹೋಗಲು ದುಡ್ಡಿಲ್ಲದ ಮನೆಯ ಮಕ್ಕಳಿಗೆ ಈ ನೀರು ದೊಡ್ಡ ಆಸರೆ, ನಮ್ಮ ನಿಮ್ಮಂಥವರಿಗೆ ಸಣ್ಣದು. ಆ ಸಣ್ಣ ಲಾಭವನ್ನೂ ಆರ್‌ಒ ಹಾಕಿಸಿ ಸುಮ್ನೆ ಯಾಕೆ ಚೆಲ್ಲಬೇಕು?

ಈಗ ನಿಮ್ಮ ಮಗಳ ವಿಷಯ. ಹೋದ ತಿಂಗಳ ತನಕ ಅತ್ತೆಮನೆಯ ಬೋರ್ ನೀರೇ ಕುಡಿದಳು ಅಂದಿರಿ. ಬಾಯಿಯ ಎದುರಿನ ಕಾಯಂ ಹಲ್ಲುಗಳು ಒಸಡಿನೊಳಗೆ ರೂಪ ತಳೆಯುವುದು ಈ ವಯಸ್ಸಿನಲ್ಲೇ, ಹೊರಗೆ ಕಾಣುವುದು ಆರೇಳು ವರ್ಷಕ್ಕೆ. ಆಗ ಬಿಳಿ ಚುಕ್ಕೆಯೋ ಕಂದು ಗೆರೆಯೋ ಕಂಡರೆ ಅಮೆರಿಕದ ನೀರನ್ನು ಬೈಯಬೇಡಿ, ಅದು ಊರಿನ ಲೆಕ್ಕ. ಇಲ್ಲಿಗೆ ಬಂದ ಕೂಡಲೇ ಡೆಂಟಿಸ್ಟ್‌ಗೆ ಇದನ್ನು ಬಾಯಿಬಿಟ್ಟು ಹೇಳಿ. ಇಲ್ಲಿನವರಿಗೆ ಮುಂಡರಗಿ ಬೋರಿನ ಕಥೆ ಗೊತ್ತಿರುವುದಿಲ್ಲ. ಹೇಳದಿದ್ದರೆ ಫ್ಲೋರೈಡ್ ಹನಿ ಬರೆದುಕೊಟ್ಟರೂ ಕೊಟ್ಟರು.

ಪೇಸ್ಟ್ ವಿಷಯದಲ್ಲಿ ಮಾತ್ರ ಕೈ ಬಿಗಿ ಇರಲಿ. ಮೂರು ವರ್ಷ ತುಂಬುವ ತನಕ ಬ್ರಷ್ ಮೇಲೆ ಒಂದು ಅಕ್ಕಿ ಕಾಳಿನಷ್ಟು, ಆಮೇಲೆ ಆರರ ತನಕ ಬಟಾಣಿಯಷ್ಟು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಉದ್ದಕ್ಕೆ ಹಚ್ಚಬೇಡಿ, ಈ ವಯಸ್ಸಿನ ಮಕ್ಕಳು ಉಗುಳುವುದಕ್ಕಿಂತ ನುಂಗುವುದೇ ಜಾಸ್ತಿ. ಟ್ಯೂಬ್ ನಿಮ್ಮ ಕೈಯಲ್ಲಿರಲಿ, ಉಜ್ಜುವವರೂ ನೀವೇ ಆಗಿರಿ. ಊರಿಂದ ಸೂಟ್‌ಕೇಸ್ ತುಂಬ ಆಯುರ್ವೇದ ಪೇಸ್ಟ್ ತರುವವರಿದ್ದಾರೆ, ಅದರಲ್ಲಿ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡೇ ಇರುವುದಿಲ್ಲ, ಹುಳುಕು ತಡೆಯಲು ಅದು ಸಾಲದು.

ನಮ್ಮವರ ಮಕ್ಕಳ ಹಲ್ಲು ಇಲ್ಲಿ ಕೆಡುವುದು ನೀರಿನಿಂದಲ್ಲ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವುದು, ಕಾರಿನಲ್ಲಿ ಇಡೀ ದಿನ ಆಪಲ್ ಜ್ಯೂಸ್ ಹೀರುವುದು, ಹಲ್ಲಿಗೆ ಅಂಟುವ ಗಮ್ಮಿ ಮಿಠಾಯಿ. ಅದರ ಜೊತೆ ಅಜ್ಜಿ ಕಳಿಸಿದ ಧಾರವಾಡ ಪೇಡೆ, ದಿನಕ್ಕೆ ನಾಲ್ಕು ಸಲ ಒಂದೊಂದೇ ಚೂರು. ಪೇಡೆ ಬೇಡ ಅಂತಲ್ಲ, ನಾನೂ ತರಿಸ್ತೀನಿ. ಕೊಡುವುದಾದರೆ ಊಟದ ಜೊತೆ ಒಂದೇ ಸಲ ಕೊಟ್ಟುಬಿಡಿ. ಹಾಲುಹಲ್ಲು ಹೇಗೂ ಬೀಳ್ತಾವೆ ಬಿಡು ಅನ್ನುವ ಮಾತು ಇಲ್ಲಿ ದುಬಾರಿ. ಇಷ್ಟು ಸಣ್ಣ ಮಕ್ಕಳಿಗೆ ನಾಲ್ಕಾರು ಹಲ್ಲು ಹುಳುಕಾದರೆ ಪೂರ್ತಿ ಅರಿವಳಿಕೆ ಕೊಟ್ಟು ಮಾಡಬೇಕಾಗಬಹುದು, ಬಿಲ್ಲು ಸಾವಿರಗಟ್ಟಲೆ ಡಾಲರ್. ಹಲ್ಲಿನ ಇನ್ಶೂರೆನ್ಸ್ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ಯಜಮಾನರು ಕೆಲಸಕ್ಕೆ ಸೇರಿದ ಮೊದಲ ವಾರಗಳಲ್ಲೇ ಫಾರ್ಮಿನಲ್ಲಿ ಡೆಂಟಲ್ ಟಿಕ್ ಮಾಡಲಿ. ತಪ್ಪಿದರೆ ಸಾಮಾನ್ಯವಾಗಿ ಮುಂದಿನ ವರ್ಷದ ತನಕ ಕಾಯಬೇಕು.

ಫಿಲ್ಟರ್ ಬೇಕೇ ಬೇಕು ಅನಿಸಿದರೆ ಸೀಸ, ಅಂದರೆ ಲೆಡ್, ತೆಗೆಯುವುದಕ್ಕೆ ಹಾಕಿಸಿ. ಇಲ್ಲಿ ಹಳೇ ಮನೆಗಳಿಗೆ ಸೀಸದ ಪೈಪಿನ ಜೋಡಣೆ ಇನ್ನೂ ಅಲ್ಲಲ್ಲಿ ಇದೆ. ಇದೇ ರಾಜ್ಯದ ಫ್ಲಿಂಟ್ ಊರಿನಲ್ಲಿ 2014ರ ನಂತರ ನಲ್ಲಿ ನೀರಿಗೆ ಸೀಸ ಸೇರಿ ಆದ ಅನಾಹುತ ಕೇಳಿರಬಹುದು. ಸೀಸ ತೆಗೆಯುತ್ತದೆ ಅಂತ ಪ್ರಮಾಣಪತ್ರ ಇರುವ ಕಾರ್ಬನ್ ಫಿಲ್ಟರ್ ಸಾಕು, ಅದು ಫ್ಲೋರೈಡನ್ನು ಬಹುಪಾಲು ಹಾಗೇ ಬಿಡುತ್ತದೆ.

ಇನ್ನೊಂದು. ಸಿಟಿಯ ನೀರು ಮಿಷಿಗನ್ ಸರೋವರದ್ದು, ಸೋಸಿ, ಅಳೆದು ಬಿಡುತ್ತಾರೆ, ಪ್ರತಿ ವರ್ಷ ವರದಿಯೂ ಕೊಡುತ್ತಾರೆ. ಆದರೆ ಬಾಡಿಗೆ ಕಡಿಮೆ ಅಂತ ಊರ ಹೊರಗೆ ಮನೆ ಹಿಡಿದರೆ ಅಲ್ಲಿ ಸ್ವಂತ ಬೋರ್ ಇರಬಹುದು. ಅದನ್ನು ಯಾರೂ ಅಳೆಯುವುದಿಲ್ಲ, ಫ್ಲೋರೈಡ್ ಏನೂ ಇಲ್ಲದಿರಬಹುದು, ಜಾಸ್ತಿಯೂ ಇರಬಹುದು. ಕರಾರಿಗೆ ಸಹಿ ಹಾಕುವ ಮೊದಲು ನೀರು ಸಿಟಿಯದಾ ಬೋರಿನದಾ ಕೇಳಿ. ಬೋರ್ ಅಂದರೆ ಲ್ಯಾಬ್ ಟೆಸ್ಟ್ ಮಾಡಿಸಿ, ಫ್ಲೋರೈಡ್ ಜೊತೆಗೆ ಆರ್ಸೆನಿಕ್ ಕೂಡ ನೋಡಿಸಿ. ರಿಪೋರ್ಟ್ ಬಂದರೆ ಕಳಿಸಿ, ನೋಡಿ ಹೇಳ್ತೀನಿ.