ವಿಡಿಯೊ ಆಮೇಲೆ, ಕ್ಯಾಲೆಂಡರ್ ಮೊದಲು

ಪ್ರಶ್ನೆ: ಒಂದು ಸೆಮಿಸ್ಟರ್ ಓದಲು ವಿನಿಮಯ ವಿದ್ಯಾರ್ಥಿನಿಯಾಗಿ ಜರ್ಮನಿಗೆ ಆಯ್ಕೆಯಾಗಿದ್ದೇನೆ. ಆ ದೇಶದ ಬಗ್ಗೆ ಸಿಕ್ಕ ಸಿಕ್ಕ ವಿಡಿಯೊಗಳನ್ನೆಲ್ಲ ನೋಡಿ ಗೊಂದಲ ಹೆಚ್ಚಾಗಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ನೀವು ಸೇರುವ ವಿಶ್ವವಿದ್ಯಾಲಯದ ಶೈಕ್ಷಣಿಕ ಕ್ಯಾಲೆಂಡರ್ ತೆರೆಯಿರಿ. ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರ್ ಲೆಕ್ಕಕ್ಕೆ ಅಕ್ಟೋಬರ್ 1ರಿಂದ ಮಾರ್ಚ್ 31. ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯದಲ್ಲಿ, ಮುಗಿಯುವುದು ಫೆಬ್ರುವರಿಯಲ್ಲಿ. ಪರೀಕ್ಷೆ ಅದರ ಬೆನ್ನಿಗೇ ಬರುತ್ತದೆ. ನಿಮ್ಮ ಕಾಲೇಜಿನ ಮುಂದಿನ ಸೆಮಿಸ್ಟರ್ ಜನವರಿಯಲ್ಲೇ ಆರಂಭವಾಗುವುದಾದರೆ ಎರಡಕ್ಕೂ ಡಿಕ್ಕಿ. ತಡವಾಗಿ ಸೇರಲು ಅನುಮತಿಯನ್ನು ಟಿಕೆಟ್ ಕಾದಿರಿಸುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆ ಹಾಜರಾತಿ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಕೋರ್ಸುಗಳ ಕೈಪಿಡಿ. ಪ್ರತಿ ಕೋರ್ಸಿನ ಮುಂದೆ ನಾಲ್ಕು ವಿಷಯ ನೋಡಿ: ಯಾವ ಭಾಷೆಯಲ್ಲಿ ಪಾಠ, ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ, ಮೊದಲೇ ಓದಿರಬೇಕಾದದ್ದು ಏನು, ಎಷ್ಟು ಕ್ರೆಡಿಟ್. ಯೂರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಅಂದರೆ ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಎಂದರೆ ತರಗತಿಯೂ ಮನೆಗೆಲಸವೂ ಸೇರಿ 25ರಿಂದ 30 ಗಂಟೆ ಓದು. ಆಯ್ದ ಕೋರ್ಸು ಆ ಸೆಮಿಸ್ಟರಿನಲ್ಲಿ ನಡೆಯದಿರಬಹುದು, ಸೀಟು ತುಂಬಿರಬಹುದು, ಎರಡು ತರಗತಿ ಒಂದೇ ಹೊತ್ತಿಗೆ ಬೀಳಬಹುದು. ಆದ್ದರಿಂದ ಬದಲಿ ಕೋರ್ಸು ಎರಡೋ ಮೂರೋ ಗುರುತಿಸಿ, ಅವಕ್ಕೂ ಈಗಲೇ ನಿಮ್ಮ ವಿಭಾಗದ ಒಪ್ಪಿಗೆ ಕೇಳಿ. ಅಂಕದ ಲೆಕ್ಕವೂ ತಲೆಕೆಳಗು: ಅಲ್ಲಿ 1.0 ಅತ್ಯುತ್ತಮ, 4.0 ಬರೀ ಪಾಸು, 5.0 ಫೇಲು. ನಿಮ್ಮ ಅಂಕಪಟ್ಟಿಗೆ ಇದನ್ನು ಯಾವ ಸೂತ್ರದಲ್ಲಿ ಇಳಿಸುತ್ತಾರೆ ಎಂಬುದನ್ನು ಹೋಗುವ ಮೊದಲೇ ಕೇಳಬೇಕು, ಬಂದ ಮೇಲಲ್ಲ.

ಮೂರನೆಯದು ವಿಳಾಸ. ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಅಲ್ಲಿನ ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದನ್ನು 'ಆನ್‌ಮೆಲ್ಡುಂಗ್' ಎನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಬೇಕು, ಬಾಡಿಗೆ ಕರಾರು ಮಾತ್ರ ಸಾಲದು. ಅಲ್ಪಾವಧಿಗೆ ಕೋಣೆ ಕೊಡುವ ಕೆಲವರು ಈ ಸಹಿ ಹಾಕಲು ಒಪ್ಪುವುದಿಲ್ಲ. ನೋಂದಣಿ ಇಲ್ಲದಿದ್ದರೆ ವಾಸ ಪರವಾನಗಿಯ ಕೆಲಸವೂ ನಿಲ್ಲುತ್ತದೆ. ಮುಂಗಡ ಕೊಡುವ ಮೊದಲೇ 'ಈ ವಿಳಾಸದಲ್ಲಿ ನೋಂದಣಿ ಆಗುತ್ತದೆಯೇ, ಪತ್ರ ಕೊಡುತ್ತೀರಾ?' ಎಂದು ಇಮೇಲ್‌ನಲ್ಲಿ ಕೇಳಿ.

ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಇರಬಹುದು. ಹಾಗಾಗಿ ಮೊದಲ ತಿಂಗಳ ಖರ್ಚನ್ನು ಉಳಿದ ತಿಂಗಳುಗಳ ಜೊತೆ ಸೇರಿಸದೆ ಬೇರೆಯೇ ಲೆಕ್ಕ ಹಾಕಿ. ನೋಂದಣಿಯಾದ ಮೇಲೆ ಸಾರ್ವಜನಿಕ ರೇಡಿಯೊ-ಟಿವಿಗಾಗಿ ಕಟ್ಟುವ ಪ್ರಸಾರ ಶುಲ್ಕದ ಪತ್ರ ಬರುತ್ತದೆ, ತಿಂಗಳಿಗೆ 18.36 ಯೂರೋ, ಮನೆಯಲ್ಲಿ ಟಿವಿ ಇರಲಿ ಬಿಡಲಿ. ಅದು ತಲೆಗಲ್ಲ, ಮನೆಗೆ. ಮನೆ ಹಂಚಿಕೊಂಡವರಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕ ಸಂಖ್ಯೆ ತಿಳಿಸಿದರಾಯಿತು.

ಇನ್ನೊಂದು ಸಣ್ಣ ಮಾತು: ಭಾನುವಾರ ಇಳಿಯಬೇಡಿ. ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಹಾಸ್ಟೆಲ್ ಕೀಲಿ ಕೊಡುವವರೂ ಇರಲಿಕ್ಕಿಲ್ಲ.

ಪ್ರಶ್ನೆ: ಹಿಂದೆ ಹೋಗಿ ಬಂದ ಸೀನಿಯರ್‌ಗಳ ಮಾತನ್ನು ಎಷ್ಟು ನಂಬಬಹುದು?

ಉತ್ತರ: ಕೋಣೆ, ಪ್ರಾಧ್ಯಾಪಕರು, ಊಟದ ಖರ್ಚಿನ ವಿಚಾರದಲ್ಲಿ ಅವರಷ್ಟು ಚೆನ್ನಾಗಿ ಹೇಳುವವರು ಇನ್ನಿಲ್ಲ. ಕಾನೂನಿನ ವಿಚಾರದಲ್ಲಿ ನಂಬಬೇಡಿ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ. ಜರ್ಮನಿಯಲ್ಲಿ ಯೂರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳು ವರ್ಷಕ್ಕೆ 120 ಪೂರ್ಣ ದಿನ ಕೆಲಸ ಮಾಡಬಹುದಿತ್ತು; 2024ರ ಮಾರ್ಚ್‌ನಿಂದ ಅದು 140 ಆಗಿದೆ. 2022ರಲ್ಲಿ ಹೋದವರು ಹೇಳುವುದು ಅವರ ಕಾಲಕ್ಕೆ ಸರಿ, ನಿಮಗೆ ತಪ್ಪು. ವೀಸಾ, ಕೆಲಸ, ವಿಮೆಯ ನಿಯಮಗಳನ್ನು ರಾಯಭಾರ ಕಚೇರಿಯ ಪುಟದಲ್ಲೇ ಓದಿ, ಪುಟ ಯಾವಾಗ ಪರಿಷ್ಕೃತವಾಗಿದೆ ಎಂದೂ ನೋಡಿ.

ಸೀನಿಯರ್‌ಗಳನ್ನು 'ಹೇಗಿತ್ತು?' ಎಂದು ಕೇಳಿದರೆ 'ಸೂಪರ್' ಎಂಬ ಉತ್ತರ ಬರುತ್ತದೆ, ಅಷ್ಟೇ. ನೋಂದಣಿಗೆ ಯಾವ ವಾರ ಸಮಯ ಸಿಕ್ಕಿತು, ಮೊದಲ ತಿಂಗಳು ಕೈಯಿಂದ ಎಷ್ಟು ಹೋಯಿತು, ಯಾವ ಕೋರ್ಸು ಬಿಡಬೇಕಾಯಿತು ಎಂದು ಕೇಳಿ.

ಪ್ರಶ್ನೆ: ನಾನು ಹೋಗುತ್ತಿರುವುದು ಜಪಾನಿಗೆ, ದಿನವೂ ಮಾತ್ರೆ ತೆಗೆದುಕೊಳ್ಳುತ್ತೇನೆ. ಅಲ್ಲಿಗೆ ಒಯ್ಯಲು ವೈದ್ಯರ ಚೀಟಿ ಸಾಕೇ?

ಉತ್ತರ: ಕೆಲವು ಔಷಧಗಳಿಗೆ ಸಾಲದು. ಆಂಫೆಟಮಿನ್ (ಗಮನ ಕೊರತೆಗೆ ಕೊಡುವ ಉತ್ತೇಜಕ) ಇರುವ ಮಾತ್ರೆಗಳನ್ನು ಚೀಟಿ ಇದ್ದರೂ ಅಲ್ಲಿಗೆ ಒಯ್ಯುವಂತಿಲ್ಲ. ಸ್ಯೂಡೋಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ನೆಗಡಿ ಔಷಧಕ್ಕೂ ನಿಷೇಧವಿದೆ. ನಿಮ್ಮದು ಸಾಮಾನ್ಯ ಮಾತ್ರೆಯೇ ಆದರೂ ಒಂದು ತಿಂಗಳಿಗಿಂತ ಹೆಚ್ಚಿನ ದಾಸ್ತಾನಿಗೆ 'ಯುನ್ಯು ಕಾಕುನಿನ್‌ಶೋ' ಎಂಬ ಆಮದು ದೃಢೀಕರಣವನ್ನು ಹೊರಡುವ ಮೊದಲೇ ಪಡೆಯಬೇಕು. ಹುಡುಕುವಾಗ ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ರಾಸಾಯನಿಕದ ಹೆಸರು ಹಾಕಿ; ಒಂದೇ ಬ್ರ್ಯಾಂಡಿನ ಒಳಗೆ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಔಷಧ ಇರಬಹುದು. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಮೂಲ ಪ್ಯಾಕಿನಲ್ಲೇ ಒಯ್ಯಿರಿ.

ಪ್ರಶ್ನೆ: ಜರ್ಮನಿಯ ವೀಸಾದಲ್ಲಿ ಅಕ್ಕಪಕ್ಕದ ದೇಶ ಸುತ್ತಬಹುದೇ?

ಉತ್ತರ: ದೀರ್ಘಾವಧಿಯ ಡಿ ವೀಸಾ ಚಾಲ್ತಿಯಲ್ಲಿದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ (ತಮ್ಮ ನಡುವಿನ ಗಡಿ ತಪಾಸಣೆ ತೆಗೆದ ಯೂರೋಪಿನ ದೇಶಗಳು) ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಬ್ರಿಟನ್, ಐರ್ಲೆಂಡ್ ಇದರಲ್ಲಿಲ್ಲ. ಅಲ್ಲಿಗೆ ಹೋದರೆ ಷೆಂಗೆನ್ ದಾಟಿದಂತೆ, ಮರಳುವುದು ಹೊಸ ಪ್ರವೇಶ; ಆದ್ದರಿಂದ ವೀಸಾದ ಮೇಲೆ ಪ್ರವೇಶಗಳ ಸಂಖ್ಯೆ ಎಷ್ಟೆಂದು ಬರೆದಿದೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲು ನೋಡಿ.